ಕಿಗಾಲಿಯ ಕಡೆಗೂ ಒಮ್ಮೆ ನೋಡಿ

ಕರ್ನಾಟಕದ ಬಾಸ್ಕೆಟ್‌ಬಾಲ್ ಆಟಗಾರರಿಗೆ, ಅವರ ಕೋಚ್‌ಗಳಿಗೆ, ಸಂಜೆಹೊತ್ತು ಕೋರ್ಟಿನ ಪಕ್ಕದ ಕಟ್ಟೆಯ ಮೇಲೆ ಮಕ್ಕಳಿಗಾಗಿ ಕಾದು ಕೂರುವ ತಂದೆತಾಯಂದಿರಿಗೆ,



2024ರ ಜೂನ್ 1ರಂದು ರುವಾಂಡದ ರಾಜಧಾನಿ ಕಿಗಾಲಿಯಲ್ಲಿ ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗಿನ ಫೈನಲ್ ನಡೆಯಿತು. ಅಂಗೋಲದ ಪೆಟ್ರೊ ಡಿ ಲುವಾಂಡಾ ತಂಡ ಲಿಬಿಯಾದ ಅಲ್ ಅಹ್ಲಿಯನ್ನು 107–94ರಿಂದ ಮಣಿಸಿ ಟ್ರೋಫಿ ಎತ್ತಿಕೊಂಡಿತು. ಗೆದ್ದ ತಂಡದಲ್ಲಿ ಕಾರ್ಲೋಸ್ ಮೊರಾಯಿಸ್ ಇದ್ದರು. ಆಗ ಅವರಿಗೆ 38 ವರ್ಷ. ಅದಕ್ಕೂ ಹತ್ತೊಂಬತ್ತು ವರ್ಷ ಮುಂಚೆ, 2005ರಲ್ಲೇ, ಅಂಗೋಲದ ಪರ ಆಫ್ರಿಕಾ ಚಾಂಪಿಯನ್ ಆಗಿದ್ದವರು ಅವರು. 2007, 2009, 2013ರಲ್ಲೂ ಆ ಪಟ್ಟ ಸಿಕ್ಕಿತ್ತು. 2013ರ ಟೂರ್ನಿಯ ಶ್ರೇಷ್ಠ ಆಟಗಾರರೂ ಅವರೇ. ಅದೇ ವರ್ಷ ಎನ್‌ಬಿಎಯ ಟೊರಾಂಟೊ ರ್‍ಯಾಪ್ಟರ್ಸ್ ತಂಡ ಅವರನ್ನು ತರಬೇತಿ ಶಿಬಿರಕ್ಕೆ ಕರೆಸಿಕೊಂಡು, ಸೀಸನ್ ಶುರುವಾಗುವ ಮುಂಚೆ ಕೈಬಿಟ್ಟಿತು. ಮೊರಾಯಿಸ್ ಊರಿಗೆ ಮರಳಿ ಆಟ ಮುಂದುವರಿಸಿದರು. ಪೆಟ್ರೊ, ಲಿಬೋಲೊ, ಲಿಸ್ಬನ್ನಿನ ಬೆನ್ಫಿಕಾ, ಮತ್ತೆ ಪೆಟ್ರೊ. ಎನ್‌ಬಿಎಯಲ್ಲಿ ಅವರು ಒಂದೇ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಆದರೂ ಎರಡು ದಶಕ ಬಾಸ್ಕೆಟ್‌ಬಾಲ್ ಆಡಿಯೇ ಬದುಕಿದರು.

ಈ ಪತ್ರ ಇಂಥ ಬದುಕಿನ ಬಗ್ಗೆ. ನಮ್ಮಲ್ಲಿ ಈ ಆಟ ಕಲಿಯುವ ಹುಡುಗ ಹುಡುಗಿಯರ ಮುಂದೆ ಎರಡೇ ಚಿತ್ರಗಳಿರುತ್ತವೆ. ಒಂದು, ಮೊಬೈಲಿನಲ್ಲಿ ಕಾಣುವ ಎನ್‌ಬಿಎ. ಇನ್ನೊಂದು, ಸ್ಪೋರ್ಟ್ಸ್ ಕೋಟಾದಲ್ಲಿ ಸಿಗುವ ಸರ್ಕಾರಿ ನೌಕರಿ. ಮೊದಲನೆಯದು ಕೈಗೆಟುಕದು ಎಂದು ಎಲ್ಲರಿಗೂ ಗೊತ್ತು. ಎರಡನೆಯದು ಸಿಕ್ಕ ದಿನವೇ ಆಟ ಸೊರಗತೊಡಗುತ್ತದೆ. ಇವೆರಡರ ನಡುವೆ ಒಪ್ಪಂದಕ್ಕೆ ಸಹಿ ಹಾಕಿ, ಸಂಬಳ ಪಡೆದು, ಊರೂರು ತಿರುಗಿ ಆಡುವ ವೃತ್ತಿಪರನ ಬದುಕೊಂದಿದೆ. ಅದನ್ನು ಕಲಿಯಲು ಆಫ್ರಿಕಾ ಅಮೆರಿಕಕ್ಕಿಂತ ಒಳ್ಳೆಯ ಪಾಠಶಾಲೆ. ಅಲ್ಲಿನ ಕ್ಲಬ್ಬುಗಳ ಹುಟ್ಟು, ಹಣದ ಅಡಚಣೆ, ಆಡಳಿತದ ಜಗಳ ಎಲ್ಲವೂ ನಮಗೆ ಪರಿಚಿತ. ಅಷ್ಟಿದ್ದೂ ಅವರು ಏನೋ ಕಟ್ಟಿದ್ದಾರೆ.

ಕ್ಲಬ್ಬುಗಳಿಂದಲೇ ಶುರುಮಾಡಬಹುದು. ಪೆಟ್ರೊ ಡಿ ಲುವಾಂಡಾದ ಬೆನ್ನಿಗಿರುವುದು ಅಂಗೋಲದ ಸರ್ಕಾರಿ ತೈಲ ಕಂಪನಿ ಸೊನಂಗೋಲ್. ಅದರ ಬದ್ಧ ಎದುರಾಳಿ ಪ್ರಿಮೈರೊ ಡಿ ಅಗೋಸ್ಟೊ ಸೇನೆಯ ಕ್ಲಬ್. ಸೆನೆಗಲ್‌ನ ಎ.ಎಸ್. ದುವಾನ್ ಕಸ್ಟಮ್ಸ್ ಇಲಾಖೆಯದು. ರುವಾಂಡದ ಎಪಿಆರ್ ಸೇನೆಯದಾದರೆ ಆರ್‌ಇಜಿ ವಿದ್ಯುತ್ ಕಂಪನಿಯದು. ಕ್ಯಾಮರೂನಿನ ಎಫ್‌ಎಪಿ ಸೇನೆ ಮತ್ತು ಪೊಲೀಸರದು. ಮೊಜಾಂಬಿಕ್‌ನ ಫೆರೊವಿಯಾರಿಯೊ ರೈಲ್ವೆಯದು. ಕೀನ್ಯದಲ್ಲಿ ಬಂದರು ಪ್ರಾಧಿಕಾರಕ್ಕೂ ತಂಡವಿದೆ. ರೈಲ್ವೆ, ಸರ್ವಿಸಸ್, ಬ್ಯಾಂಕ್, ಪೊಲೀಸ್ ತಂಡಗಳನ್ನು ನೋಡುತ್ತ ಬೆಳೆದ ನಮಗೆ ಈ ಪಟ್ಟಿ ಹೊಸದೆನಿಸುವುದಿಲ್ಲ. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡದ ಆಟ ನೋಡಿದವರು ನಿಮ್ಮಲ್ಲಿ ಹಲವರಿರಬಹುದು. ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅಂಗೋಲದ ಲುವಾಂಡಾದಲ್ಲಿ ಕಾಣುವ ವ್ಯತ್ಯಾಸ ಏನೆಂದರೆ, ಸರ್ಕಾರಿ ಹಣದಿಂದ ಹುಟ್ಟಿದ ಕ್ಲಬ್ಬುಗಳು ಆಟಗಾರನನ್ನು ಗುಮಾಸ್ತನನ್ನಾಗಿ ಮಾಡದೆ ಆಟಗಾರನನ್ನಾಗಿಯೇ ಉಳಿಸಿಕೊಂಡವು. ದೇಶದಲ್ಲಿ 2002ರವರೆಗೂ ಅಂತರ್ಯುದ್ಧ ನಡೆಯುತ್ತಿತ್ತು. ಆಗಲೂ ಈ ಕ್ಲಬ್ಬುಗಳು ನಿಲ್ಲಲಿಲ್ಲ. 1989ರಿಂದ 2013ರ ನಡುವೆ ಅಂಗೋಲ 11 ಬಾರಿ ಆಫ್ರಿಕಾ ಚಾಂಪಿಯನ್ ಆಯಿತು. 2025ರ ಆಗಸ್ಟ್‌ನಲ್ಲಿ ಲುವಾಂಡಾದಲ್ಲೇ ಮಾಲಿಯನ್ನು 70–43ರಿಂದ ಸೋಲಿಸಿ 12ನೇ ಪಟ್ಟ ಪಡೆಯಿತು. ಆ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದವರು ಚಿಲ್ಡೆ ದುಂದಾವೊ, ಪೆಟ್ರೊದ ಪಾಯಿಂಟ್ ಗಾರ್ಡ್. ಎತ್ತರ 167 ಸೆಂಟಿಮೀಟರ್. ಮಗ ಕುಳ್ಳ, ಮಗಳು ಕುಳ್ಳಿ, ಈ ಆಟ ಆಗಿಬರುವುದಿಲ್ಲ ಎಂದುಕೊಂಡಿರುವ ಮನೆಯವರು ಈ ಅಂಕಿಯನ್ನು ಗಮನಿಸಬೇಕು.

ಖಂಡದ ಮಟ್ಟದಲ್ಲಿ ಕ್ಲಬ್ ಟೂರ್ನಿ ದಶಕಗಳಿಂದ ಇತ್ತು. ಅದರ ಜಾಗಕ್ಕೆ ಬಂದದ್ದು ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್, ಅಂದರೆ ಬಿಎಎಲ್. ಎನ್‌ಬಿಎ ಮತ್ತು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ಸೇರಿ 2019ರ ಫೆಬ್ರುವರಿಯಲ್ಲಿ ಇದನ್ನು ಘೋಷಿಸಿದವು. ಸೆನೆಗಲ್‌ನ ಅಮದು ಗಾಲೊ ಫಾಲ್ ಅಧ್ಯಕ್ಷರಾದರು. 2020ರ ಮಾರ್ಚ್‌ನಲ್ಲಿ ಡಾಕರ್‌ನಲ್ಲಿ ಶುರುವಾಗಬೇಕಿದ್ದ ಮೊದಲ ಆವೃತ್ತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಕೊನೆಗೆ 2021ರ ಮೇ ತಿಂಗಳಲ್ಲಿ 12 ತಂಡಗಳೊಂದಿಗೆ ಕಿಗಾಲಿಯಲ್ಲಿ ನಡೆಯಿತು. ಈಜಿಪ್ಟಿನ ಜಮಾಲೆಕ್ ಫೈನಲ್‌ನಲ್ಲಿ ಟ್ಯುನೀಷಿಯದ ಮೊನಸ್ತೀರ್ ತಂಡವನ್ನು 76–63ರಿಂದ ಸೋಲಿಸಿತು. ಮುಂದಿನ ವರ್ಷ ಮೊನಸ್ತೀರ್, ಆಮೇಲೆ ಕೈರೊದ ಅಲ್ ಅಹ್ಲಿ, ಪೆಟ್ರೊ, 2025ರಲ್ಲಿ ಟ್ರಿಪೋಲಿಯ ಅಲ್ ಅಹ್ಲಿ. ಮೊದಲ ಐದು ಆವೃತ್ತಿಗಳ ಪೈಕಿ ನಾಲ್ಕು ಉತ್ತರ ಆಫ್ರಿಕಾದ ಪಾಲಾದವು. ಅಲ್ಲಿನ ಕ್ಲಬ್ಬುಗಳು ಫುಟ್‌ಬಾಲಿನ ದೊಡ್ಡ ಹೆಸರುಗಳು. ಅಭಿಮಾನಿಗಳೂ ಹಣವೂ ಫುಟ್‌ಬಾಲಿನಿಂದ ಬಾಸ್ಕೆಟ್‌ಬಾಲಿಗೆ ಹರಿದುಬರುತ್ತವೆ.

ಈ ಲೀಗಿನ ನಿಯಮಾವಳಿಯಲ್ಲಿ ಒಂದು ಸಾಲು ಚಿನ್ನದಂಥದ್ದು. 2021ರ ಮೊದಲ ಆವೃತ್ತಿಯಲ್ಲಿ ತಂಡದ 13 ಆಟಗಾರರ ಪೈಕಿ ಕನಿಷ್ಠ ಒಂಬತ್ತು ಮಂದಿ ಆ ಕ್ಲಬ್ಬಿನ ದೇಶದ ಪ್ರಜೆಗಳೇ ಆಗಿರಬೇಕಿತ್ತು. ಹೊರಗಿನವರು ಹೆಚ್ಚೆಂದರೆ ನಾಲ್ವರು. ಅವರಲ್ಲೂ ಆಫ್ರಿಕಾದಾಚೆಯವರು ಇಬ್ಬರಿಗಿಂತ ಹೆಚ್ಚಿರುವಂತಿರಲಿಲ್ಲ. ಹಣವಿದ್ದ ಕ್ಲಬ್ಬು ಅಮೆರಿಕದಿಂದ ಹತ್ತು ಜನರನ್ನು ಕರೆಸಿ ಕಪ್ ಗೆಲ್ಲುವ ದಾರಿ ಇದರಿಂದ ಮುಚ್ಚಿತು. ರುವಾಂಡದ ಹುಡುಗನಿಗೆ ರುವಾಂಡದ ಕ್ಲಬ್ಬಿನಲ್ಲಿ ಜಾಗ ಖಾತ್ರಿಯಾಯಿತು.

ಆ ಜಾಗಕ್ಕೆ ಎಷ್ಟು ಬೆಲೆ ಎಂಬುದು ಮೊದಲ ಆವೃತ್ತಿಯಲ್ಲೇ ತಿಳಿಯಿತು. ಅಮೆರಿಕದ ಜನಪ್ರಿಯ ರ್‍ಯಾಪ್ ಗಾಯಕ ಜೆ. ಕೋಲ್ ರುವಾಂಡದ ಪೇಟ್ರಿಯಟ್ಸ್ ತಂಡಕ್ಕೆ ಮೂರು ಪಂದ್ಯ ಆಡಿ ಐದು ಅಂಕ ಗಳಿಸಿ ಹೊರಟರು. ಜಗತ್ತಿನ ಪತ್ರಿಕೆಗಳು ಬಿಎಎಲ್ ಬಗ್ಗೆ ಬರೆದದ್ದು ಹೆಚ್ಚಾಗಿ ಅವರಿಂದಲೇ. ಆದರೆ ಮೊರಾಕ್ಕೊದ ಎ.ಎಸ್. ಸಲೆ ತಂಡದಲ್ಲಿದ್ದ ಅಮೆರಿಕದ ಆಟಗಾರ ಟೆರೆಲ್ ಸ್ಟೋಗ್ಲಿನ್ ಅದನ್ನು ಬಹಿರಂಗವಾಗಿ ಟೀಕಿಸಿದರು. ಈ ಆಟವನ್ನೇ ನಂಬಿ ಮನೆಮಠ ಬಿಟ್ಟು ಬಂದ ಒಬ್ಬನ ಕೆಲಸವನ್ನು ಗಾಯಕ ಕಿತ್ತುಕೊಂಡಂತಾಯಿತು ಎಂಬುದು ಅವರ ಮಾತಿನ ತಾತ್ಪರ್ಯ. ಆ ಆವೃತ್ತಿಯಲ್ಲಿ ಪಂದ್ಯಕ್ಕೆ ಸರಾಸರಿ ಮೂವತ್ತಕ್ಕೂ ಹೆಚ್ಚು ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದವರು ಸ್ಟೋಗ್ಲಿನ್ನೇ. ಅವರ ಮಾತು ಸರಿಯಿತ್ತು. ಪ್ರಚಾರ ಲೀಗಿಗೆ ಬೇಕು, ನಿಜ. ಆದರೆ ತಂಡದ ಒಂದೊಂದು ಜರ್ಸಿಯೂ ಯಾರದೋ ವರ್ಷದ ಅನ್ನ.

ಬಿಎಎಲ್ ಒಂದನ್ನೇ ನಂಬಿ ಬದುಕಲು ಆಗುತ್ತದೆಯೇ? ಇಲ್ಲ. 2024ರಲ್ಲಾಗಲಿ 2025ರಲ್ಲಾಗಲಿ ಒಂದು ತಂಡಕ್ಕೆ ಖಾತ್ರಿಯಿದ್ದದ್ದು ಗುಂಪು ಹಂತದ ಆರು ಪಂದ್ಯ ಮಾತ್ರ. ಉಳಿದ ವರ್ಷವನ್ನು ಆಟಗಾರ ತಾನೇ ತುಂಬಿಸಿಕೊಳ್ಳಬೇಕು. ಸ್ವದೇಶದ ಲೀಗ್, ಕ್ಲಬ್ಬಿನ ಅರ್ಹತಾ ಸುತ್ತು, ಸಾಧ್ಯವಾದರೆ ಬೇರೆ ದೇಶದಲ್ಲೊಂದು ಚಿಕ್ಕ ಒಪ್ಪಂದ, ಜೊತೆಗೆ ರಾಷ್ಟ್ರೀಯ ತಂಡದ ಕರೆ.

ನುನಿ ಒಮೊಟ್ ಅವರ ದಾರಿಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಇಥಿಯೋಪಿಯದಿಂದ ಜೀವ ಉಳಿಸಿಕೊಂಡು ಓಡಿಬಂದ ಕುಟುಂಬದಲ್ಲಿ, ಕೀನ್ಯದ ನಿರಾಶ್ರಿತರ ಶಿಬಿರದಲ್ಲಿ 1994ರಲ್ಲಿ ಹುಟ್ಟಿದವರು. ಬೆಳೆದದ್ದು ಅಮೆರಿಕದ ಮಿನೆಸೋಟದಲ್ಲಿ. ಬೇಲರ್ ವಿಶ್ವವಿದ್ಯಾಲಯಕ್ಕೆ ಆಡಿದರೂ ಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಯುರೋಪಿನ ಕ್ಲಬ್ಬುಗಳು, ಎನ್‌ಬಿಎ ಕೆಳಗಿನ ಹಂತದ ಜಿ ಲೀಗ್, ಪೋರ್ಟೊರಿಕೊ, ಹೀಗೆ ಸುತ್ತಿದರು. 2023ರಲ್ಲಿ ಕೈರೊದ ಅಲ್ ಅಹ್ಲಿ ಕರೆಸಿಕೊಂಡಿತು. ಆ ವರ್ಷದ ಫೈನಲ್‌ನಲ್ಲಿ ಅಲ್ ಅಹ್ಲಿ ಎ.ಎಸ್. ದುವಾನ್ ತಂಡವನ್ನು 80–65ರಿಂದ ಸೋಲಿಸಿತು, ಒಮೊಟ್ ಲೀಗಿನ ಶ್ರೇಷ್ಠ ಆಟಗಾರರಾದರು. ಅದೇ ವರ್ಷ ದಕ್ಷಿಣ ಸೂಡಾನ್ ಪರ ವಿಶ್ವಕಪ್ ಆಡಿದರು, ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್. ಡ್ರಾಫ್ಟ್‌ನಲ್ಲಿ ಹೆಸರು ಬಾರದ ದಿನವೇ ಚೆಂಡು ಕೆಳಗಿಟ್ಟಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಕೋರ್ಟಿನಾಚೆ ನಡೆಯುವ ಸಂಗತಿಗಳು ಆಟಗಾರನ ವರ್ಷವನ್ನೇ ನುಂಗಬಹುದು. 2024ರ ಮಾರ್ಚ್‌ನಲ್ಲಿ ಬುರುಂಡಿಯ ಡೈನಮೊ ಕ್ಲಬ್ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೆ ಬಂದಿಳಿಯಿತು. ಲೀಗಿನ ಎಲ್ಲ ಜರ್ಸಿಗಳ ಮೇಲೆ ಪ್ರಾಯೋಜಕರಾದ ‘ವಿಸಿಟ್ ರುವಾಂಡ’ದ ಹೆಸರಿತ್ತು. ಬುರುಂಡಿ ಮತ್ತು ರುವಾಂಡದ ಸಂಬಂಧ ಹದಗೆಟ್ಟು, ಅದೇ ವರ್ಷದ ಜನವರಿಯಲ್ಲಿ ಬುರುಂಡಿ ಗಡಿ ಮುಚ್ಚಿತ್ತು. ಮೊದಲ ಪಂದ್ಯದಲ್ಲಿ ಆಟಗಾರರು ಆ ಹೆಸರಿನ ಮೇಲೆ ಟೇಪು ಅಂಟಿಸಿಕೊಂಡು ಆಡಿ, ಕೇಪ್‌ಟೌನ್ ಟೈಗರ್ಸ್ ತಂಡವನ್ನು ಸೋಲಿಸಿದರು. ಟೇಪಿಗೆ ಲೀಗ್ ಒಪ್ಪಲಿಲ್ಲ, ಹೆಸರಿಗೆ ಬುರುಂಡಿ ಒಪ್ಪಲಿಲ್ಲ. ಮುಂದಿನ ಎರಡು ಪಂದ್ಯಗಳಿಗೆ ತಂಡ ಕೋರ್ಟಿಗಿಳಿಯಲಿಲ್ಲ. ನಿಯಮದ ಪ್ರಕಾರ ಟೂರ್ನಿಯಿಂದಲೇ ಹೊರಬಿತ್ತು. ತಿಂಗಳುಗಟ್ಟಲೆ ಅರ್ಹತಾ ಸುತ್ತು ಆಡಿ ಅಲ್ಲಿಯವರೆಗೆ ಬಂದ ಹುಡುಗರಿಗೆ ಸಿಕ್ಕಿದ್ದು ಒಂದು ಪಂದ್ಯ. ಅವರನ್ನು ಯಾರೂ ಕೇಳಿರಲಿಲ್ಲ. ಪ್ರಾಯೋಜಕರ ಹೆಸರಿನ ಬಗ್ಗೆ ತಕರಾರು ಬಂದರೆ ಆಟಗಾರನ ಗತಿಯೇನು ಎಂಬುದನ್ನು ಲೀಗುಗಳು ಮೊದಲೇ ಬರೆದಿಡಬೇಕಿತ್ತು.

ನೈಜೀರಿಯದ ಕಥೆ ಇನ್ನೂ ದೊಡ್ಡದು. ಆಟಗಾರರಿಗೆ ಅಲ್ಲಿ ಬರವಿಲ್ಲ. 1984ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದ ಹಕೀಮ್ ಒಲಾಜುವಾನ್ ಲಾಗೋಸಿನವರು. ಆದರೆ ಫೆಡರೇಷನ್ ಎರಡು ಬಣವಾಗಿ ಕಿತ್ತಾಡಿ ದೇಶದ ಲೀಗ್ ವರ್ಷಗಟ್ಟಲೆ ಹಳಿ ತಪ್ಪಿತು. 2022ರ ಮೇ ತಿಂಗಳಲ್ಲಿ ಸರ್ಕಾರ ಎರಡು ವರ್ಷ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲಿನಿಂದ ಹಿಂದೆ ಸರಿಯುವುದಾಗಿ ಹೇಳಿ, ಜೂನ್‌ನಲ್ಲಿ ಆ ನಿರ್ಧಾರ ವಾಪಸ್ ಪಡೆಯಿತು. ಅಷ್ಟರಲ್ಲಿ ಮಹಿಳಾ ತಂಡ ಸಿಡ್ನಿ ವಿಶ್ವಕಪ್ಪಿನ ಜಾಗ ಕಳೆದುಕೊಂಡಿತ್ತು. ಅಲ್ಲಿ ಮಾಲಿ ಆಡಿತು. ಅರ್ಹತೆ ಗಳಿಸಿದ್ದ ಆಟಗಾರ್ತಿಯರಿಗೆ ಆ ವಿಶ್ವಕಪ್ ಮತ್ತೆ ಸಿಗಲಿಲ್ಲ.

ಇನ್ನು ಸಂಬಳ. ಈ ಭಾಗವನ್ನು ತಂದೆತಾಯಂದಿರು ನಿಧಾನವಾಗಿ ಓದಬೇಕು. ಕ್ಲಬ್ಬು ಸಂಬಳ ಬಾಕಿ ಉಳಿಸಿಕೊಳ್ಳುವುದು ಜಗತ್ತಿನೆಲ್ಲೆಡೆ ಇರುವ ರೋಗ. ಪರದೇಶದ ನ್ಯಾಯಾಲಯಕ್ಕೆ ಅಲೆಯುವ ಶಕ್ತಿ ಆಟಗಾರನಿಗೆ ಇರುವುದಿಲ್ಲ. ಇದಕ್ಕಾಗಿಯೇ ಫಿಬಾ 2007ರಲ್ಲಿ ಬಾಸ್ಕೆಟ್‌ಬಾಲಿಗೆಂದೇ ಒಂದು ಪಂಚಾಯ್ತಿ ನ್ಯಾಯಮಂಡಳಿ ಮಾಡಿತು. ಬಿಎಟಿ ಎಂದು ಕರೆಯುವ ಇದರ ಅಧಿಕೃತ ಸ್ಥಾನ ಸ್ವಿಟ್ಜರ್ಲೆಂಡಿನ ಜಿನೀವಾ. ಸಾಮಾನ್ಯವಾಗಿ ಒಬ್ಬರೇ ತೀರ್ಪುಗಾರರು. ಯಾವುದೇ ಒಂದು ದೇಶದ ಕಾನೂನಿಗೆ ಕಟ್ಟುಬೀಳದೆ, ನ್ಯಾಯ ಯಾವುದು ಎಂದು ನೋಡಿ ತೀರ್ಪು ಕೊಡುತ್ತಾರೆ. ತೀರ್ಪಿನಂತೆ ನಡೆಯದ ಕ್ಲಬ್ಬು ಹೊರದೇಶದಿಂದ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಫಿಬಾ ತಡೆಯಬಹುದು. ಕ್ಲಬ್ಬುಗಳಿಗೆ ದಂಡಕ್ಕಿಂತ ಈ ಹೆದರಿಕೆ ಹೆಚ್ಚು. ಆದರೆ ಇಷ್ಟೆಲ್ಲ ಸಿಗಬೇಕಾದರೆ, ತಕರಾರು ಬಂದರೆ ಬಿಎಟಿಗೆ ಹೋಗುತ್ತೇವೆ ಎಂಬ ಷರತ್ತು ಒಪ್ಪಂದದಲ್ಲೇ ಇರಬೇಕು. ಅದಿಲ್ಲದ ಕಾಗದಕ್ಕೆ ಸಹಿ ಹಾಕಿದವನಿಗೆ ಜಿನೀವಾ ಬಲು ದೂರ. ಹಾಗೆಯೇ ಒಂದು ದೇಶದಿಂದ ಇನ್ನೊಂದು ದೇಶದ ಲೀಗಿಗೆ ಹೋಗುವಾಗ ಹಳೆಯ ಫೆಡರೇಷನ್ನಿನಿಂದ ಕ್ಲಿಯರೆನ್ಸ್ ಪತ್ರ ಬೇಕು. ಇನ್ನೂ ಮುಗಿಯದ ಒಪ್ಪಂದ ಇದ್ದರೆ ಮಾತ್ರ ಅದನ್ನು ತಡೆಹಿಡಿಯಬಹುದು. ಇದು ಗೊತ್ತಿರುವ ಆಟಗಾರನನ್ನು ಯಾರೂ ಸುಮ್ಮನೆ ಕೂರಿಸಲಾಗದು.

ಎಳೆಯರ ವಿಚಾರಕ್ಕೆ ಬಂದರೆ ಖಮಾನ್ ಮಲುವಾಚ್ ಹೆಸರು ಹೇಳದೆ ಆಗದು. ದಕ್ಷಿಣ ಸೂಡಾನಿನ ರುಂಬೆಕ್‌ನಲ್ಲಿ 2006ರಲ್ಲಿ ಹುಟ್ಟಿ, ಉಗಾಂಡದ ಕಂಪಾಲಾದಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಆಡುತ್ತಿದ್ದದ್ದು ಫುಟ್‌ಬಾಲ್. 2019ರಲ್ಲಿ ಬಾಸ್ಕೆಟ್‌ಬಾಲ್ ಹಿಡಿದಾಗ ಕಾಲಿನಳತೆಯ ಶೂ ಸಿಗದೆ ಕ್ರಾಕ್ಸ್ ಹಾಕಿಕೊಂಡೇ ಅಭ್ಯಾಸ ನಡೆಸಿದರು. ಆಮೇಲೆ ಸೆನೆಗಲ್‌ನ ಸಾಲಿಯಲ್ಲಿರುವ ಎನ್‌ಬಿಎ ಅಕಾಡೆಮಿ ಸೇರಿದರು. ಬಿಎಎಲ್ 2022ರಲ್ಲಿ ಎಲಿವೇಟ್ ಎಂಬ ಯೋಜನೆ ತಂದಿತು: ಪ್ರತಿ ಕ್ಲಬ್ಬೂ ಅಕಾಡೆಮಿಯ ಒಬ್ಬ ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳಬೇಕು. ಹೀಗೆ ಮಲುವಾಚ್ ಮೂರು ವರ್ಷ ಮೂರು ತಂಡಗಳಿಗೆ ಆಡಿದರು: ಕೋಬ್ರಾ ಸ್ಪೋರ್ಟ್, ಎ.ಎಸ್. ದುವಾನ್, ಕಂಪಾಲಾದ ಸಿಟಿ ಆಯ್ಲರ್ಸ್. ಹದಿನಾರರ ಹುಡುಗ ಮೂವತ್ತು ದಾಟಿದವರ ಮೊಣಕೈ ಏಟು ತಿನ್ನುತ್ತ ಆಟ ಕಲಿತ. 17ನೇ ವಯಸ್ಸಿಗೆ ಒಲಿಂಪಿಕ್ಸ್, ಆಮೇಲೆ ಡ್ಯೂಕ್ ವಿಶ್ವವಿದ್ಯಾಲಯ, 2025ರ ಡ್ರಾಫ್ಟ್‌ನಲ್ಲಿ ಹತ್ತನೇ ಆಯ್ಕೆ, ಫೀನಿಕ್ಸ್ ಸನ್ಸ್ ತಂಡ. ಅವರಿಗಿಂತ ಒಂದು ವರ್ಷ ಮುಂಚೆ, 2024ರಲ್ಲಿ, ಕ್ಯಾಮರೂನಿನ ಉಲ್ರಿಕ್ ಚೊಮ್ಚೆ ಅದೇ ಅಕಾಡೆಮಿಯಿಂದ ನೇರವಾಗಿ 57ನೆಯವರಾಗಿ ಆಯ್ಕೆಯಾಗಿದ್ದರು.

ಈ ಇಬ್ಬರ ಕಥೆ ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಸುಲಭ. ಆದರೆ ಮಲುವಾಚ್ ಅವರಂತೆ ಏಳಡಿ ಎರಡಂಗುಲ ಎತ್ತರದ ಹುಡುಗರು ಊರಿಗೊಬ್ಬರಿರುವುದಿಲ್ಲ. ಎಲಿವೇಟ್‌ನಿಂದ ಕಲಿಯಬೇಕಾದದ್ದು ಬೇರೆ. ಜೂನಿಯರ್ ಟೂರ್ನಿಯಲ್ಲಿ ಮೆರೆದವರನ್ನು ಹಿರಿಯರ ಸಂಬಳದ ಲೀಗಿನಲ್ಲಿ, ನಿಯಮ ಮಾಡಿಯೇ, ಕೂರಿಸಿದ್ದಾರೆ. ನಮ್ಮ ಲೀಗುಗಳನ್ನು ನಡೆಸುವವರು ಇದೊಂದನ್ನು ನಾಳೆಯೇ ಜಾರಿಗೆ ತರಬಹುದು, ಖರ್ಚೂ ಹೆಚ್ಚಿಲ್ಲ.

ಒಮೊಟ್, ಮಲುವಾಚ್ ಇಬ್ಬರೂ ಆಡಿದ ದಕ್ಷಿಣ ಸೂಡಾನ್ ಸ್ವತಂತ್ರವಾದದ್ದು 2011ರಲ್ಲಿ. ಅಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ತಕ್ಕ ಒಳಾಂಗಣವೇ ಇರಲಿಲ್ಲ. ಎನ್‌ಬಿಎಯಲ್ಲಿ ಆಡಿ ನಿವೃತ್ತರಾದ ಲುವೊಲ್ ಡೆಂಗ್ ಫೆಡರೇಷನ್ ಅಧ್ಯಕ್ಷರಾಗಿ, ಸ್ವಂತ ಹಣವನ್ನೂ ಹಾಕಿ, ನಾಲ್ಕಾರು ಖಂಡಗಳಲ್ಲಿ ಚದುರಿದ್ದ ಆಟಗಾರರನ್ನು ಒಟ್ಟುಗೂಡಿಸಿದರು. 2024ರ ಜುಲೈ 20ರಂದು ಲಂಡನ್ನಿನ ಸೌಹಾರ್ದ ಪಂದ್ಯದಲ್ಲಿ ಅಮೆರಿಕ ಆ ತಂಡದೆದುರು 101–100ರಿಂದ, ಅಂದರೆ ಒಂದೇ ಅಂಕದಿಂದ, ಬಚಾವಾಯಿತು. ಎಂಟು ದಿನಗಳ ಮೇಲೆ ಒಲಿಂಪಿಕ್ಸ್‌ನಲ್ಲಿ ಪೋರ್ಟೊರಿಕೊ ತಂಡವನ್ನು 90–79ರಿಂದ ದಕ್ಷಿಣ ಸೂಡಾನ್ ಸೋಲಿಸಿತು. ಆ ಪಂದ್ಯಕ್ಕೆ ಮುಂಚೆ ಸಂಘಟಕರು ಬೇರೆ ದೇಶದ, ಸೂಡಾನಿನ, ರಾಷ್ಟ್ರಗೀತೆ ನುಡಿಸಿಬಿಟ್ಟಿದ್ದರು. ಆಟಗಾರರು ಆ ಅವಮಾನ ನುಂಗಿಕೊಂಡು ಆಡಿ ಗೆದ್ದರು.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಸರಿಯಾಗಿಲ್ಲ. ನೈಜೀರಿಯದ ಮಹಿಳೆಯರು 2017ರಿಂದ 2025ರವರೆಗೆ ಸತತ ಐದು ಬಾರಿ ಆಫ್ರಿಕಾ ಚಾಂಪಿಯನ್ನರು. ಪ್ಯಾರಿಸ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರು. ಪುರುಷರೂ ಸೇರಿದಂತೆ ಆಫ್ರಿಕಾದ ಯಾವ ಬಾಸ್ಕೆಟ್‌ಬಾಲ್ ತಂಡವೂ ಒಲಿಂಪಿಕ್ಸ್‌ನಲ್ಲಿ ಅಲ್ಲಿಯವರೆಗೆ ಹೋಗಿರಲಿಲ್ಲ. ಕೋಚ್ ರೆನಾ ವಾಕಮಾ ಆ ಮಹಿಳಾ ಟೂರ್ನಿಯ ಶ್ರೇಷ್ಠ ಕೋಚ್ ಎನಿಸಿದರು. ಇಷ್ಟಾದರೂ ಎನ್‌ಬಿಎ ಬೆಂಬಲಕ್ಕೆ ನಿಂತ ಬಿಎಎಲ್ ಪುರುಷರದ್ದು. ಮಹಿಳಾ ಕ್ಲಬ್ಬುಗಳಿಗೆ ಫಿಬಾ ಆಫ್ರಿಕಾ ನಡೆಸುವ ಸ್ಪರ್ಧೆಯುಂಟು, ಅದರ ಅವಧಿ ಚಿಕ್ಕದು, ಹಣವೂ ಪ್ರಚಾರವೂ ಕಡಿಮೆ. ಇದು ತಪ್ಪು. ಆಫ್ರಿಕಾವನ್ನು ನೋಡಿ ಕಲಿಯುವಾಗ ಈ ತಪ್ಪನ್ನು ಮಾತ್ರ ನಾವು ನಕಲು ಮಾಡಬಾರದು.

ಇನ್ನು ನಮ್ಮ ಕಡೆ ನೋಡಿದರೆ, ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣದಲ್ಲಿ 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಿದೆ. ಇಂಥ ಸೌಲಭ್ಯ ದಕ್ಷಿಣ ಸೂಡಾನಿಗೆ ಇರಲಿಲ್ಲ. ಇಲ್ಲಿ ಕೊರತೆಯಿರುವುದು ವರ್ಷವರ್ಷವೂ ತಪ್ಪದೆ ನಡೆಯುವ ಲೀಗಿನದು. 2015ರಲ್ಲಿ ನಮ್ಮ ದೇಶದಲ್ಲಿ ಶುರುವಾದ ಯುಬಿಎ ಬಾಸ್ಕೆಟ್‌ಬಾಲ್ ಲೀಗ್ 2017ರ ನಂತರ ನಿಂತುಹೋಯಿತು. ಒಂದು ಪೀಳಿಗೆಯ ಆಟಗಾರರ ಒಳ್ಳೆಯ ವಯಸ್ಸು ಕಾಯುವುದರಲ್ಲೇ ಕಳೆಯಿತು. ಲೀಗ್ ಎರಡು ವರ್ಷ ನಡೆದು ನಿಂತರೆ ಯಾವ ಮನೆಯವರು ಮಗಳನ್ನೋ ಮಗನನ್ನೋ ಇದನ್ನು ನಂಬಿ ಬಿಟ್ಟಾರು?

ಆದ್ದರಿಂದ ಇಷ್ಟು ಕೇಳಿಕೊಳ್ಳಬೇಕಿದೆ. ಕೋಚ್‌ಗಳೇ, ಮಕ್ಕಳಿಗೆ ಅಮೆರಿಕದ ಪಂದ್ಯಗಳ ಜೊತೆಗೆ ಬಿಎಎಲ್ ಪಂದ್ಯಗಳನ್ನೂ ತೋರಿಸಿ. ದುಂದಾವೊ ಚೆಂಡು ಸಾಗಿಸುವ ರೀತಿ ಎತ್ತರ ಕಡಿಮೆಯಿರುವ ನಮ್ಮ ಹುಡುಗ ಹುಡುಗಿಯರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆಟಗಾರರೇ, ಹೊರದೇಶದ ಯಾವುದಾದರೂ ಕ್ಲಬ್ಬಿನಿಂದ ಕರೆ ಬಂದರೆ ಒಪ್ಪಂದದ ಪ್ರತಿ ಪುಟ ಓದಿ, ಬಿಎಟಿ ಷರತ್ತು ಇದೆಯೇ ಎಂದು ನೋಡಿ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ತಂದೆತಾಯಂದಿರೇ, ಮುಂದಿನ ಬಾರಿ ಲೀಗು ನಡೆಸುತ್ತೇವೆಂದು ಬರುವವರನ್ನು ಎರಡು ಪ್ರಶ್ನೆ ಕೇಳಿ: ಮೂರು ವರ್ಷದ ವೇಳಾಪಟ್ಟಿ ಎಲ್ಲಿದೆ? ಸಂಬಳದ ಹಣವನ್ನು ಯಾವ ಬ್ಯಾಂಕಿನಲ್ಲಿ ಮುಂಗಡವಾಗಿ ಇಟ್ಟಿದ್ದೀರಿ? ಉತ್ತರ ಕಾಗದದ ಮೇಲೆ ಸಿಗುವವರೆಗೂ ಮಕ್ಕಳ ಸಹಿ ಕೊಡಿಸಬೇಡಿ.

ಇತಿ,
ನಿಮ್ಮ ಆಟವನ್ನು ಪ್ರೀತಿಸುವ ಓದುಗ